ಉಪ್ಪುಗಾಳಿಯ ನಡುವೆ ಹವಾಮಾನ ಕೇಂದ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕರಾವಳಿಯ ಹಳೆಯ ಹವಾಮಾನ ಕೇಂದ್ರಗಳಿಗೆ ಹೊಸ ಉಪಕರಣ ಹಾಕುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಮಾತು ಕೇಳುತ್ತವೆ: ಹಳೆಯದೂ ಹೊಸದೂ ಒಂದೇ ಲೆಕ್ಕ ಯಾಕೆ ಕೊಡುವುದಿಲ್ಲ? ಅಂಥವನ್ನೆಲ್ಲ ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಶಾಲೆಯಲ್ಲಿ ದಿನಾ ಬೆಳಿಗ್ಗೆ ಗ್ಲಾಸಿನಲ್ಲಿ ಅಳೆಯುವ ಮಳೆಮಾಪಕ ಇದೆ. ಅಲ್ಲೇ ಹತ್ತಿರ ಸ್ವಯಂಚಾಲಿತ ಮಳೆಮಾಪಕವೂ ಇದೆ. ಜಡಿಮಳೆ ಬಂದ ದಿನವೆಲ್ಲ ಯಂತ್ರ ಕಡಿಮೆ ತೋರಿಸುತ್ತದೆ. ಯಾವುದನ್ನು ನಂಬುವುದು?
— ವಿಜ್ಞಾನ ಶಿಕ್ಷಕಿ, ಭಟ್ಕಳ

ಸದ್ಯಕ್ಕೆ ಗ್ಲಾಸನ್ನು ನಂಬಿ. ಯಂತ್ರವನ್ನು ಮೂಲೆಗೆ ತಳ್ಳಬೇಡಿ, ಅದಕ್ಕೊಂದು ಪರೀಕ್ಷೆ ಬೇಕು ಅಷ್ಟೆ.

ಯಂತ್ರದೊಳಗೆ ತಕ್ಕಡಿಯ ಹಾಗೆ ಅತ್ತಿತ್ತ ವಾಲುವ ಜೋಡಿ ಬಟ್ಟಲು ಇರುತ್ತದೆ. ಇದೇ ಟಿಪ್ಪಿಂಗ್ ಬಕೆಟ್. ಒಂದು ಬಟ್ಟಲು ತುಂಬಿದಾಗ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ವಾಲಿಕೆಗೆ 0.2 ಅಥವಾ 0.5 ಮಿ.ಮೀ. ಮಳೆ ಎಂದು ಲೆಕ್ಕ. ವಾಲಲು ಸುಮಾರು ಅರ್ಧ ಸೆಕೆಂಡು ಬೇಕು. ಆ ಹೊತ್ತಿನ ಮೊದಲರ್ಧದಲ್ಲಿ ಬೀಳುವ ನೀರು ಆಗಲೇ ತುಂಬಿದ ಬಟ್ಟಲಿಗೇ ಸೇರಿ ಲೆಕ್ಕ ತಪ್ಪುತ್ತದೆ. ಗಂಟೆಗೆ 20 ಮಿ.ಮೀ. ಮಳೆಯಲ್ಲಿ 0.2 ಮಿ.ಮೀ. ಬಟ್ಟಲು 36 ಸೆಕೆಂಡಿಗೊಮ್ಮೆ ವಾಲುವುದರಿಂದ ನಷ್ಟ ಶೇ. 1ಕ್ಕೂ ಕಡಿಮೆ. ಗಂಟೆಗೆ 100 ಮಿ.ಮೀ. ರಭಸದಲ್ಲಿ ಸುರಿದರೆ 7 ಸೆಕೆಂಡಿಗೊಮ್ಮೆ ವಾಲುತ್ತದೆ, ನಷ್ಟ ಶೇ. 3-4ಕ್ಕೆ ಏರುತ್ತದೆ. ಬಯಲುಸೀಮೆಯಲ್ಲಿ ಯಾರ ಗಮನಕ್ಕೂ ಬಾರದ ಈ ದೋಷ ನಮ್ಮ ಕಡೆ ಆರಿದ್ರಾ ಮಳೆಯಲ್ಲೇ ಕಣ್ಣಿಗೆ ಹೊಡೆಯುತ್ತದೆ.

ವ್ಯತ್ಯಾಸ ಶೇ. 5 ದಾಟಿದರೆ ಕಾರಣ ಬೇರೆ. ಮೊದಲು ಕೊಳವೆಯ ಬಾಯಿ ನೋಡಿ. ಎಲೆ, ಹಕ್ಕಿಯ ಹಿಕ್ಕೆ, ಕಣಜ ಕಟ್ಟಿದ ಮಣ್ಣಿನ ಗೂಡು, ಇವು ನೀರನ್ನು ತಡೆದು ಹನಿಹನಿಯಾಗಿ ಬಿಡುತ್ತವೆ. ಆಗ ಮಳೆ ನಿಂತು ಎರಡು ಗಂಟೆಯಾದ ಮೇಲೂ ಯಂತ್ರ ಮಳೆ ದಾಖಲಿಸುತ್ತಾ ಇರುತ್ತದೆ. ಅಂಥ ಬಾಲ ಕಂಡರೆ ಕೊಳವೆ ಕಟ್ಟಿದೆ ಎಂದೇ ಅರ್ಥ. ಆಮೇಲೆ ಮಟ್ಟ. ತಳದಲ್ಲಿ ನೀರುಮಟ್ಟದ ಗುಳ್ಳೆ ಇರುತ್ತದೆ, ಅದು ನಡುವೆ ನಿಲ್ಲಬೇಕು. ಕಂಬ ವಾಲಿದ್ದರೆ ಎರಡು ಬಟ್ಟಲುಗಳೂ ಸಮನಾಗಿ ತುಂಬುವುದಿಲ್ಲ.

ಇನ್ನು ಪರೀಕ್ಷೆ. ಮಾಪಕದ ಬಾಯಿಯ ವ್ಯಾಸ 20 ಸೆಂ.ಮೀ. ಇದ್ದರೆ ವಿಸ್ತೀರ್ಣ 314 ಚದರ ಸೆಂ.ಮೀ.; 1 ಮಿ.ಮೀ. ಮಳೆ ಎಂದರೆ 31.4 ಮಿ.ಲೀ. ನೀರು. ಅಳತೆ ಜಾಡಿಯಲ್ಲಿ 628 ಮಿ.ಲೀ. ಅಳೆದುಕೊಳ್ಳಿ, ಇದು 20 ಮಿ.ಮೀ.ಗೆ ಸಮ. ಔಷಧಿ ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಡ್ರಿಪ್ ಸೆಟ್ ಜೋಡಿಸಿ ಸುಮಾರು ಒಂದು ಗಂಟೆ ತೆಗೆದುಕೊಳ್ಳುವಂತೆ ಹರಿಬಿಡಿ. 0.5 ಮಿ.ಮೀ. ಬಟ್ಟಲಾದರೆ 40 ವಾಲಿಕೆ ಬರಬೇಕು, 0.2 ಆದರೆ 100. ನಲವತ್ತರಲ್ಲಿ ಒಂದು ಹೆಚ್ಚುಕಡಿಮೆಯಾದರೆ ತಲೆ ಕೆಡಿಸಿಕೊಳ್ಳಬೇಡಿ. 37-38 ಬಂದರೆ ಬಟ್ಟಲ ಕೆಳಗಿನ ತಡೆ ಸ್ಕ್ರೂಗಳನ್ನು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಸ್ವಲ್ಪ ಮೇಲೆತ್ತಿ ಮತ್ತೆ ಪರೀಕ್ಷಿಸಬೇಕು. ತಡೆ ಮೇಲೆ ಬಂದಷ್ಟೂ ಕಡಿಮೆ ನೀರಿಗೇ ಬಟ್ಟಲು ವಾಲುತ್ತದೆ. ಚೊಂಬಿನಲ್ಲಿ ಒಮ್ಮೆಲೇ ಸುರಿದು ‘ಯಂತ್ರ ಸರಿಯಿಲ್ಲ’ ಎಂದು ತೀರ್ಪು ಕೊಡುವವರು ಬಹಳ. 20 ಮಿ.ಮೀ. ನೀರನ್ನು 5 ನಿಮಿಷದಲ್ಲಿ ಸುರಿದರೆ ಅದು ಗಂಟೆಗೆ 240 ಮಿ.ಮೀ. ಮಳೆಯಾಯಿತು, ಅದರಲ್ಲಿ ಯಾವ ಬಟ್ಟಲೂ ಪಾಸಾಗುವುದಿಲ್ಲ.

ನಿಮ್ಮ ಗ್ಲಾಸನ್ನೂ ಒಮ್ಮೆ ನೋಡಿಕೊಳ್ಳಿ. ಕೈಮಾಪಕಗಳಲ್ಲಿ 100 ಮತ್ತು 200 ಚದರ ಸೆಂ.ಮೀ. ಎಂಬ ಎರಡು ಅಳತೆಯ ಬಾಯಿಗಳಿವೆ (ವ್ಯಾಸ 11.3 ಮತ್ತು 16 ಸೆಂ.ಮೀ.). ಒಂದರ ಗ್ಲಾಸು ಒಡೆದಾಗ ಇನ್ನೊಂದರ ಗ್ಲಾಸು ತಂದಿಟ್ಟರೆ ಮಳೆ ದುಪ್ಪಟ್ಟು ಇಲ್ಲವೇ ಅರ್ಧ ಆಗುತ್ತದೆ.

ಕೊನೆಯದಾಗಿ ಗಡಿಯಾರ. ಕೈದಾಖಲೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಯಂತ್ರದ ಗಡಿಯಾರ ಗ್ರೀನಿಚ್ ಸಮಯದಲ್ಲಿದ್ದು, ಅದು ಮಧ್ಯರಾತ್ರಿಗೆ ದಿನ ಮುಗಿಸುವಂತಿದ್ದರೆ ನಮ್ಮ ಲೆಕ್ಕದಲ್ಲಿ ಅದು ಬೆಳಗಿನ 5.30. ನಡುವಿನ ಮೂರು ಗಂಟೆಯ ಮಳೆ ಮಾರನೇ ದಿನದ ಖಾತೆಗೆ ಹೋಗಿ ಕೂರುತ್ತದೆ. ದಿನದ ಲೆಕ್ಕ ತಾಳೆಯಾಗದೆ ತಿಂಗಳ ಮೊತ್ತ ಮಾತ್ರ ತಾಳೆಯಾದರೆ ಬಟ್ಟಲನ್ನು ಬಿಚ್ಚುವ ಮೊದಲು ಗಡಿಯಾರ ನೋಡಿ.

ಹೊಸ ಉಪಕರಣ ಬಂದ ದಿನವೇ ಹಳೆಯದನ್ನು ತೆಗೆದುಬಿಡಬಹುದೇ? ಜಾಗವೂ ಉಳಿಯುತ್ತದೆ, ಕೆಲಸವೂ ಕಡಿಮೆ.
— ಓದುಗರು, ಹೊನ್ನಾವರ

ಖಂಡಿತ ಬೇಡ. ಒಂದೇ ಆವರಣದಲ್ಲಿ ಎರಡನ್ನೂ ಜೊತೆಯಾಗಿ ನಡೆಸಬೇಕು. ವಿಶ್ವ ಹವಾಮಾನ ಸಂಸ್ಥೆಯ ಮಾರ್ಗದರ್ಶಿ ಸೂಚಿಸುವ ಕನಿಷ್ಠ ಅವಧಿ ಗಾಳಿಗೆ 12 ತಿಂಗಳು, ಉಷ್ಣತೆ ಮತ್ತು ತೇವಾಂಶಕ್ಕೆ 24 ತಿಂಗಳು, ಮಳೆಗೆ 60 ತಿಂಗಳು. ಐದು ವರ್ಷ ಎಂದರೆ ಹುಬ್ಬೇರಿಸುವವರೇ ಹೆಚ್ಚು. ಅಷ್ಟು ಆಗದಿದ್ದರೆ ಎರಡು ಪೂರ್ತಿ ವರ್ಷವಾದರೂ ನಡೆಸಿ. ಒಂದೇ ಮಳೆಗಾಲದ ಹೋಲಿಕೆ ಸಾಲದು; ಜೂನ್‌ನಲ್ಲಿ ಕಾಣದ ವ್ಯತ್ಯಾಸ ಮಾರ್ಚಿನ ಬಿಸಿಲಲ್ಲಿ ಕಾಣುತ್ತದೆ.

ಉದಾಹರಣೆಗೆ ಗರಿಷ್ಠ ಉಷ್ಣತೆ. ಪಾದರಸದ ಥರ್ಮಾಮೀಟರ್ ನಿಧಾನಿ, ಗಾಳಿಯಲ್ಲಿ ಕೆಲವೇ ಸೆಕೆಂಡು ಬಂದುಹೋಗುವ ಬಿಸಿ ಅದಕ್ಕೆ ತಟ್ಟುವುದಿಲ್ಲ. ತೆಳ್ಳನೆಯ ಪ್ಲಾಟಿನಂ ಸಂವೇದಕ ಅದನ್ನೂ ಹಿಡಿದು ‘ಇವತ್ತಿನ ಗರಿಷ್ಠ’ ಎಂದು ಬರೆದುಬಿಡುತ್ತದೆ. ಆದ್ದರಿಂದ ಅಂಕಿಗಳನ್ನು ದಾಖಲಿಸುವ ಲಾಗರಿನಲ್ಲಿ ಒಂದು ನಿಮಿಷದ ಸರಾಸರಿ ಹೊಂದಿಸಿ ಅದರ ಗರಿಷ್ಠವನ್ನೇ ತೆಗೆದುಕೊಳ್ಳಬೇಕು. ಥರ್ಮಾಮೀಟರನ್ನು ಇಡುವ ಗೂಡೂ ಬೇರೆ. ಹಳೆಯದು ಜೋಡಿ ಪಟ್ಟಿಗಳ ಮರದ ಸ್ಟೀವನ್‌ಸನ್ ಪೆಟ್ಟಿಗೆ, ಹೊಸದು ತಟ್ಟೆ ಮೇಲೆ ತಟ್ಟೆ ಜೋಡಿಸಿದ ಚಿಕ್ಕ ಪ್ಲಾಸ್ಟಿಕ್ ಗೂಡು. ಗಾಳಿ ಬಿದ್ದುಹೋದ ಮಧ್ಯಾಹ್ನ ಇವೆರಡೂ ಒಂದೇ ರೀತಿ ಕಾಯುವುದಿಲ್ಲ. ಜೊತೆ ಓಟವಿಲ್ಲದೆ ಬದಲಿಸಿದರೆ ಹತ್ತು ವರ್ಷದ ನಂತರ ದಾಖಲೆಯಲ್ಲಿ ಒಂದು ಮೆಟ್ಟಿಲು ಕಾಣುತ್ತದೆ. ಅದು ಊರಿನ ಹವೆ ಬದಲಾದದ್ದೋ ಡಬ್ಬಿ ಬದಲಾದದ್ದೋ ಹೇಳುವವರು ಯಾರೂ ಇರುವುದಿಲ್ಲ.

ಬದಲಿಸಿದ ತಾರೀಖು, ಹಳೆಯ-ಹೊಸ ಉಪಕರಣಗಳ ಕ್ರಮಸಂಖ್ಯೆ, ನೆಲದಿಂದ ಎತ್ತರ, ನಾಲ್ಕೂ ದಿಕ್ಕಿಗೆ ನಿಂತು ತೆಗೆದ ಫೋಟೊ, ಇಷ್ಟು ದಾಖಲೆಯಲ್ಲಿ ಇರಲೇಬೇಕು. ಪಕ್ಕದಲ್ಲಿ ಕಟ್ಟಡ ಎದ್ದರೆ, ಮರ ಕಡಿದರೆ, ಅಂಗಳಕ್ಕೆ ಸಿಮೆಂಟ್ ಹಾಕಿದರೆ ಅದನ್ನೂ ಬರೆಯಿರಿ.

ತೇವಾಂಶ ಸಂವೇದಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 100ರಲ್ಲೇ ಕೂತಿರುತ್ತದೆ. ಬೋಲ್ಟುಗಳು ಎರಡನೇ ಮಳೆಗಾಲಕ್ಕೇ ತುಕ್ಕು ಹಿಡಿದಿವೆ. ಯಾವ ವಸ್ತು ಬಳಸಬೇಕು?
— ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ಕುಂದಾಪುರ

ಎರಡಕ್ಕೂ ಮೂಲ ಉಪ್ಪು. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ಕರಾವಳಿಯಲ್ಲಿ ವರ್ಷದ ಬಹುಪಾಲು ರಾತ್ರಿಗಳು ಆ ಗೆರೆ ದಾಟುತ್ತವೆ. ಸಂವೇದಕದ ಮೇಲಿನ ಬಿಳಿ ಜಾಲರಿ ಟೋಪಿಯಲ್ಲಿ ಉಪ್ಪು ಕೂತರೆ ಅದರೊಳಗೆ ಒಂದು ಖಾಸಗಿ ಮಳೆಗಾಲ ಶುರುವಾಗುತ್ತದೆ, ಹೊರಗೆ ಒಣಗಿದರೂ ಒಳಗೆ ಒದ್ದೆ. ಟೋಪಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಒಣಗಿಸಿ ಹಾಕಿ. ಒಳಗಿನ ಚಿಕ್ಕ ಎಲೆಕ್ಟ್ರಾನಿಕ್ ಚಿಪ್‌ಗೆ ಕೈಬೆರಳು ತಾಗಿಸಬೇಡಿ.

ಸಂವೇದಕ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲೂ ಉಪ್ಪೇ ಸಾಕು. ಲ್ಯಾಬ್ ದರ್ಜೆಯ ಸೋಡಿಯಂ ಕ್ಲೋರೈಡಿಗೆ ಸ್ವಲ್ಪ ಡಿಸ್ಟಿಲ್ಡ್ ನೀರು ಸೇರಿಸಿ ಒದ್ದೆ ಮರಳಿನ ಹದಕ್ಕೆ ತನ್ನಿ. ನೀರು ಹೆಚ್ಚಾಗಬಾರದು, ಕರಗದ ಉಪ್ಪು ಕಾಣುತ್ತಲೇ ಇರಬೇಕು. ಬಿಗಿ ಮುಚ್ಚಳದ ಗಾಜಿನ ಜಾಡಿಯ ತಳಕ್ಕೆ ಅದನ್ನು ಹಾಕಿ, ತಾಗದಂತೆ ಸಂವೇದಕವನ್ನು ಮೇಲೆ ತೂಗಿಸಿ, ತಂತಿ ಹೊರಬರುವ ತೂತನ್ನು ಮುಚ್ಚಿ. ಬಿಸಿಲು, ಫ್ಯಾನ್ ತಾಗದ ಕೋಣೆಯಲ್ಲಿ ಒಂದು ರಾತ್ರಿ ಇಡಿ. ಕೋಣೆಯ ಉಷ್ಣತೆ 20 ಇರಲಿ 30 ಇರಲಿ, ಒಳಗಿನ ತೇವಾಂಶ ಶೇ. 75ರ ಹತ್ತಿರವೇ ನಿಲ್ಲುತ್ತದೆ. ಸಂವೇದಕ 72ರಿಂದ 78ರೊಳಗೆ ತೋರಿಸಿದರೆ ವಾಪಸ್ ಹಾಕಿ, 85 ತೋರಿಸಿದರೆ ಬದಲಿಸಿ. ಅಡುಗೆ ಉಪ್ಪು ಬೇಡ, ಅದರಲ್ಲಿ ಬೇರೆ ಲವಣಗಳೂ ಸೇರಿರುತ್ತವೆ.

ತೇವಾಂಶ ಅಳೆಯುವ ಹಳೆಯ ತೇವ ಬಲ್ಬಿನ ಥರ್ಮಾಮೀಟರಿನದೂ ಇದೇ ಕಥೆ. ಬಲ್ಬಿಗೆ ಸುತ್ತಿದ ಮಸ್ಲಿನ್ ಬಟ್ಟೆಗೆ ಉಪ್ಪು ಹತ್ತಿದರೆ ನೀರು ಆರುವುದು ನಿಧಾನವಾಗಿ ಬಲ್ಬು ಸಾಕಷ್ಟು ತಣ್ಣಗಾಗುವುದಿಲ್ಲ, ಲೆಕ್ಕದಲ್ಲಿ ತೇವಾಂಶ ಹೆಚ್ಚಾಗಿ ಬರುತ್ತದೆ. ಬಟ್ಟೆ, ಬತ್ತಿಗಳನ್ನು ವಾರಕ್ಕೊಮ್ಮೆ ಬದಲಿಸಿ. ಕಡಲ ಮೇಲಿಂದ ಗಾಳಿ ಜೋರಾಗಿ ಬೀಸಿದ ಮರುದಿನ ವಾರ ಕಾಯದೆ ಬದಲಿಸಿ. ಬಾವಿ ನೀರು ಹಾಕಬೇಡಿ.

ಬೋಲ್ಟಿಗೆ ಬರೋಣ. ಅಂಗಡಿಯಲ್ಲಿ ‘ಸ್ಟೇನ್‌ಲೆಸ್’ ಎಂದು ಕೊಡುವುದು ಸಾಮಾನ್ಯವಾಗಿ 304 ದರ್ಜೆ. ಕಡಲ ಪಕ್ಕದಲ್ಲಿ ಅದರ ಮೇಲೂ ಕಂದು ಚುಕ್ಕೆ ಬರುತ್ತದೆ. ಮಾಲಿಬ್ಡಿನಂ ಸೇರಿದ 316 ಕೇಳಿ ತನ್ನಿ. ಬರೀ ಹೊಳಪಿನ ಜಿಂಕ್ ಲೇಪದ ಬೋಲ್ಟು ಬೇಡವೇ ಬೇಡ. ಕಂಬ ಕಬ್ಬಿಣದ್ದಾದರೆ ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದೇ ಆಗಬೇಕು, ತೂತುಗಳನ್ನೆಲ್ಲ ಅದ್ದುವ ಮೊದಲೇ ಕೊರೆಸಿರಬೇಕು. ಆಮೇಲೆ ಕೊರೆದ ಪ್ರತಿ ತೂತೂ ತುಕ್ಕಿನ ಬಾಗಿಲು. ಅಲ್ಯುಮಿನಿಯಂ ತೋಳಿಗೆ ಸ್ಟೀಲ್ ಬೋಲ್ಟು ಹಾಕುವಾಗ ನಡುವೆ ನೈಲಾನ್ ವಾಷರ್ ಕೊಟ್ಟು, ಬೋಲ್ಟಿನ ತಿರುಪುಗೆರೆಗಳಿಗೆ, ಕಚ್ಚಿಕೊಳ್ಳದಂತೆ ತಡೆಯುವ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಎರಡು ಲೋಹ ಸೇರಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ, ಬೋಲ್ಟು ಬಿಚ್ಚಲು ಗರಗಸವೇ ಬೇಕಾಗುತ್ತದೆ.

ಲಾಗರ್ ಪೆಟ್ಟಿಗೆಗೆ ತಂತಿಗಳು ತಳದಿಂದಲೇ ಒಳಹೋಗಲಿ, ಹೋಗುವ ಮುನ್ನ ಒಂದು ಇಳಿಬಿದ್ದ ಬಾಗು ಇರಲಿ. ತಂತಿಗುಂಟ ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತಂತಿ ತೂರಿಸುವ ಗ್ಲ್ಯಾಂಡ್ ತೂತುಗಳಲ್ಲಿ ಖಾಲಿ ಇರುವವಕ್ಕೆ ಬಿರಡೆ ಹಾಕಿ, ಇಲ್ಲದಿದ್ದರೆ ಇರುವೆ, ಹಲ್ಲಿ ಮನೆ ಮಾಡುತ್ತವೆ. ಸಿಲಿಕಾ ಜೆಲ್ ಬಣ್ಣ ಬದಲಾದರೆ ಬದಲಿಸಿ. ಉಷ್ಣತೆಯ ಪ್ಲಾಟಿನಂ ಸಂವೇದಕಕ್ಕೆ ನಾಲ್ಕು ತಂತಿಯ ಜೋಡಣೆಯೇ ಇರಲಿ. ಅದರ ರೋಧ ಪ್ರತಿ ಡಿಗ್ರಿಗೆ 0.385 ಓಮ್ ಮಾತ್ರ ಬದಲಾಗುತ್ತದೆ. ಎರಡು ತಂತಿಯ ಜೋಡಣೆಯಲ್ಲಿ ಹಸಿರುಗಟ್ಟಿದ ಒಂದು ಸಂಧಿ 1 ಓಮ್ ಸೇರಿಸಿದರೆ ಉಷ್ಣತೆ 2.6 ಡಿಗ್ರಿ ಏರಿತು ಎಂದೇ ಲಾಗರ್ ಬರೆಯುತ್ತದೆ.

ಕೇಂದ್ರದವರು ಹೇಳುವ ಗಾಳಿಗೂ ನಮಗೆ ಕಡಲಲ್ಲಿ ಸಿಗುವ ಗಾಳಿಗೂ ಸಂಬಂಧವೇ ಇಲ್ಲ. ಯಂತ್ರ ಹಾಳಾಗಿದೆಯೇ?
— ದೋಣಿ ಮಾಲೀಕರು, ಮಲ್ಪೆ

ಸ್ವಲ್ಪ ಮಟ್ಟಿನ ವ್ಯತ್ಯಾಸ ಸಹಜ. ನೀರಿನ ಮೇಲೆ ಗಾಳಿಗೆ ತಡೆಯಿಲ್ಲ, ದಡ ಹತ್ತಿದೊಡನೆ ಮನೆ, ತೆಂಗಿನ ತೋಟ ಅದನ್ನು ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ವ್ಯತ್ಯಾಸವಿದ್ದರೆ ಯಂತ್ರಕ್ಕಿಂತ ಮೊದಲು ಜಾಗವನ್ನು ಅನುಮಾನಿಸಬೇಕು.

ಗಾಳಿಮಾಪಕ ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿರಬೇಕು. ಸುತ್ತಲಿನ ಯಾವುದೇ ಅಡ್ಡಿ ತನ್ನ ಎತ್ತರದ ಹತ್ತು ಪಟ್ಟು ದೂರದಲ್ಲಿರಬೇಕು. ಕರಾವಳಿಯಲ್ಲಿ ಮರಳು ತಡೆಯಲು ಸಾಲಾಗಿ ಗಾಳಿಮರ ನೆಡುತ್ತಾರೆ. ಕೇಂದ್ರ ಶುರುವಾದಾಗ ಮೊಣಕಾಲುದ್ದವಿದ್ದ ಸಸಿ 15 ಮೀಟರ್ ಬೆಳೆದರೆ 150 ಮೀಟರ್ ದೂರದವರೆಗೂ ಗಾಳಿಯ ಲೆಕ್ಕ ಕೆಡುತ್ತದೆ. ಯಂತ್ರಕ್ಕೆ ಎಷ್ಟು ದುಡ್ಡು ಸುರಿದರೂ ಇದು ಸರಿಹೋಗದು. ಮಾಪಕವನ್ನು ಬೇರೆ ಕಡೆ ಒಯ್ಯುವುದೊಂದೇ ದಾರಿ. ಕೆಲವು ಕಡೆ ಕೃಷಿಗೆಂದು 2 ಮೀಟರ್ ಎತ್ತರದಲ್ಲಿ ಮಾಪಕ ಇರುತ್ತದೆ. ಬಯಲು ಹುಲ್ಲುಗಾವಲಿನಲ್ಲೂ ಅಲ್ಲಿನ ವೇಗ 10 ಮೀಟರಿನದರ ಮುಕ್ಕಾಲು ಭಾಗ ಮಾತ್ರ.

ಸರಾಸರಿಯ ಅವಧಿಯನ್ನೂ ಕೇಳಿ ತಿಳಿದುಕೊಳ್ಳಿ. ಭಾರತೀಯ ಹವಾಮಾನ ಇಲಾಖೆ ಚಂಡಮಾರುತದ ಗಾಳಿವೇಗವನ್ನು 3 ನಿಮಿಷದ ಸರಾಸರಿಯಲ್ಲಿ ಹೇಳುತ್ತದೆ, ಅಮೆರಿಕದವರು 1 ನಿಮಿಷದಲ್ಲಿ, ವಿಶ್ವ ಹವಾಮಾನ ಸಂಸ್ಥೆಯ ಮಾನದಂಡ 10 ನಿಮಿಷ. ಅವಧಿ ಚಿಕ್ಕದಾದಷ್ಟೂ ಅಂಕಿ ದೊಡ್ಡದು. ನಿಮ್ಮ ದೋಣಿಯನ್ನು ಅಲುಗಿಸುವುದು ಸರಾಸರಿ ಗಾಳಿಯಲ್ಲ, ಕ್ಷಣಕಾಲದ ಬೀಸು. ಅದನ್ನು ಬೇರೆಯಾಗಿಯೇ ದಾಖಲಿಸುತ್ತಾರೆ.

ಯಂತ್ರದ್ದೇ ದೋಷವಾದರೆ ಅದು ಹೆಚ್ಚಾಗಿ ಬೇರಿಂಗಿನಲ್ಲಿ. ಉಪ್ಪು, ತುಕ್ಕು ಸೇರಿ ಗಾಳಿಮಾಪಕದ ತಿರುಗುವ ಬಟ್ಟಲುಗಳು ಮೆಲುಗಾಳಿಗೆ ತಿರುಗುವುದೇ ಇಲ್ಲ, ದಾಖಲೆಯಲ್ಲಿ ಬೆಳಗಿನ ಹೊತ್ತೆಲ್ಲ ಸೊನ್ನೆ. ಶಬ್ದತರಂಗದಿಂದ ಗಾಳಿ ಅಳೆಯುವ ಅಲ್ಟ್ರಾಸಾನಿಕ್ ಮಾಪಕಕ್ಕೆ ತಿರುಗುವ ಭಾಗವಿಲ್ಲದ್ದರಿಂದ ಕರಾವಳಿಗೆ ಅದೇ ಲೇಸು ಎಂಬುದು ನಮ್ಮ ಅಭಿಪ್ರಾಯ. ಅದರ ಮೇಲೆ ಹಕ್ಕಿ ಕೂರದಂತೆ ಮುಳ್ಳುತಂತಿ ಬೇಕು. ದಿಕ್ಕು ಹೊಂದಿಸುವಾಗ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಬುಡದಲ್ಲಿ ಹಿಡಿಯಬೇಡಿ, ಹತ್ತಿಪ್ಪತ್ತು ಹೆಜ್ಜೆ ದೂರ ನಿಂತು ನೋಡಿ.

ಮಳೆಗಾಲದಲ್ಲೇ ಕೇಂದ್ರ ಕೈಕೊಡುತ್ತದೆ. ಸೋಲಾರ್ ಫಲಕ ದೊಡ್ಡದು ಹಾಕಿದರೆ ಸಾಕೇ? ಸಿಡಿಲಿನಿಂದ ಕಾಪಾಡುವುದು ಹೇಗೆ?
— ಪಂಚಾಯಿತಿ ಸದಸ್ಯರು, ಕುಮಟಾ

ಫಲಕಕ್ಕಿಂತ ಬ್ಯಾಟರಿ ಮುಖ್ಯ. ಕೇಂದ್ರ ಸರಾಸರಿ 100 ಮಿಲಿಆಂಪ್ ಎಳೆದರೆ ದಿನಕ್ಕೆ 2.4 ಆಂಪಿಯರ್-ಗಂಟೆ ಬೇಕು. 42 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸುವುದಾದರೆ, ಬಿಸಿಲು ಪೂರ್ತಿ ಕೈಬಿಟ್ಟರೂ ಎಂಟು ದಿನಕ್ಕೆ ಅಡ್ಡಿಯಿಲ್ಲ. ಫಲಕವನ್ನು ದಕ್ಷಿಣಕ್ಕೆ ಕಡಿದಾಗಿ ಓರೆ ಮಾಡುವುದು ನಮ್ಮ ಅಕ್ಷಾಂಶಕ್ಕೆ ಹೊಂದದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಮೋಡದ ದಿನ ಬೆಳಕು ಇಡೀ ಆಕಾಶದಿಂದ ಬರುತ್ತದೆ. ಮಳೆನೀರು ಜಾರಿ ಧೂಳು ತೊಳೆಯುವಷ್ಟು, 10-15 ಡಿಗ್ರಿ ಓರೆ ಸಾಕು.

ಮಾಹಿತಿ ಕಳಿಸುವ ಹೊತ್ತಿಗೇ ಸರಿಯಾಗಿ ದಾಖಲೆ ತಪ್ಪುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ. ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ, ಮೋಡೆಮ್ ಒಂದೆರಡು ಆಂಪಿಯರ್ ಎಳೆದೊಡನೆ ಕುಸಿಯುತ್ತದೆ, ಲಾಗರ್ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ವೋಲ್ಟೇಜನ್ನು ಮಾಹಿತಿ ಹೋಗುತ್ತಿರುವಾಗಲೇ ಅಳೆಯಿರಿ. ಬ್ಯಾಟರಿ ಬದಲಿಸುವ ತಿಂಗಳು ಮೇ, ಜುಲೈ ಅಲ್ಲ.

ಸಿಡಿಲಿನ ಬಗ್ಗೆಯೂ ಕೇಳಿದ್ದೀರಿ. ಮುರಕಲ್ಲಿನ ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ, ಒಂದು ಪೈಪು ಹುಗಿದರೆ ಸಾಲದು. ಎರಡು-ಮೂರು ಅರ್ಥಿಂಗ್ ಪೈಪು ದೂರದೂರ ಹುಗಿದು, ಸುತ್ತ ಬೆಂಟೊನೈಟ್ ಎಂಬ ಜೇಡಿಮಣ್ಣು ತುಂಬಿ, ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ. ಏಪ್ರಿಲ್‌ನಲ್ಲಿ, ನೆಲ ಒಣಗಿದ್ದಾಗ ಅಳೆದು 5 ಓಮ್‌ಗಿಂತ ಕಡಿಮೆ ಬಂದರೆ ನಿಶ್ಚಿಂತೆ. ಮಳೆಗಾಲದ ಒದ್ದೆ ನೆಲದಲ್ಲಿ ಅಳೆದ ಅಂಕಿಗೆ ಬೆಲೆಯಿಲ್ಲ, ಏಕೆಂದರೆ ಗುಡುಗಿನ ಕಾಲ ಅದಕ್ಕೆ ಮುಂಚೆಯೇ ಬಂದಿರುತ್ತದೆ.

ಕಾಲೇಜಿನಲ್ಲಿ ಹಳೆಯ ಪಾದರಸದ ಬ್ಯಾರೋಮೀಟರ್ ಇದೆ. ಹೊಸ ಡಿಜಿಟಲ್ ಮಾಪಕ ಅದಕ್ಕಿಂತ ಬೇರೆ ಒತ್ತಡ ತೋರಿಸುತ್ತದೆ. ಹಳೆಯದನ್ನು ಏನು ಮಾಡಲಿ?
— ಭೌತಶಾಸ್ತ್ರ ಉಪನ್ಯಾಸಕ, ಕಾರವಾರ

ಎರಡೂ ಒಂದೇ ಎತ್ತರದಲ್ಲಿವೆಯೇ ನೋಡಿ. ಇಲ್ಲಿ ಸುಮಾರು 8.7 ಮೀಟರ್ ಏರಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಒಂದು ನೆಲಮಹಡಿಯಲ್ಲಿ, ಇನ್ನೊಂದು ಮೊದಲ ಮಹಡಿಯಲ್ಲಿದ್ದರೆ ಅದೇ 0.3ಕ್ಕಿಂತ ಹೆಚ್ಚಾಯಿತು. ಪಾದರಸದ ಓದಿಗೆ ಉಷ್ಣತೆ, ಗುರುತ್ವ, ಉಪಕರಣದ ಸ್ವಂತ ದೋಷ ಈ ಮೂರೂ ತಿದ್ದುಪಡಿ ಸೇರಿಸಿದ ಮೇಲೆಯೇ ಹೋಲಿಸಬೇಕು.

ಡಿಜಿಟಲ್ ಮಾಪಕ ನೀರೊಳಗೆ ಹೋಗದ ಬಿಗಿ ಪೆಟ್ಟಿಗೆಯಲ್ಲಿದ್ದರೆ ಅದರ ಉಸಿರುಕೊಳವೆ ತೆರೆದಿರಬೇಕು. ಇಲ್ಲದಿದ್ದರೆ ಅದು ಅಳೆಯುವುದು ಪೆಟ್ಟಿಗೆಯ ಒತ್ತಡವನ್ನು. ತಿಳಿಯಲು ಸುಲಭದ ದಾರಿಯೊಂದಿದೆ. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆರಡು ಬಾರಿ, ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರುತ್ತದೆ, ನಾಲ್ಕರ ಸುಮಾರಿಗೆ ಎರಡೂ ಹೊತ್ತು ಇಳಿಯುತ್ತದೆ. ಶಾಂತ ದಿನದ ನಕ್ಷೆಯಲ್ಲಿ ಈ ಎರಡು ಗುಡ್ಡ ಕಾಣದೆ, ಬಿಸಿಲೇರಿದಂತೆ ಏರಿ ಇಳಿದಂತೆ ಇಳಿಯುವ ಒಂದೇ ಗುಡ್ಡ ಕಂಡರೆ ಕೊಳವೆ ಕಟ್ಟಿದೆ.

ಹಳೆಯದನ್ನು ಅವಸರದಲ್ಲಿ ಎತ್ತಬೇಡಿ. ನೆಟ್ಟಗೆ ಹಿಡಿದು ನಡೆದರೆ ಪಾದರಸ ಕುಲುಕಿ ಗಾಜಿನ ತುದಿ ಒಡೆಯುತ್ತದೆ. ಫೋರ್ಟಿನ್ ಮಾದರಿಯಾದರೆ ತಳದ ತಿರುಪಿನಿಂದ ಪಾದರಸವನ್ನು ಕೊಳವೆಯ ತುದಿಯ ಹತ್ತಿರಕ್ಕೆ ಏರಿಸಿ. ಆ ತಿರುಪಿಲ್ಲದ ಕ್ಯೂ ಮಾದರಿಯಾದರೆ ಮೆಲ್ಲಗೆ ವಾಲಿಸುತ್ತಾ ಪಾದರಸ ತುದಿ ಮುಟ್ಟುವವರೆಗೆ ಕಾಯಿರಿ. ಆಮೇಲೆ ತಲೆಕೆಳಗು ಮಾಡಿ, ತೊಟ್ಟಿ ಮೇಲಿರುವಂತೆ ಹಿಡಿದು ಒಯ್ಯಿರಿ. ಕೈಬೆರಳಿನ ಚಿನ್ನದ ಉಂಗುರ ಮೊದಲೇ ತೆಗೆದಿಡಿ, ಪಾದರಸ ತಾಗಿದರೆ ಚಿನ್ನ ಹಾಳು.

ಪಾದರಸ ಚೆಲ್ಲಿದರೆ ಫ್ಯಾನ್ ಆರಿಸಿ, ಕಿಟಕಿ ತೆರೆಯಿರಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ, ಹನಿಗಳು ಒಡೆದು ಹರಡುತ್ತವೆ. ಕೈಗವಸು ಹಾಕಿ, ಗಟ್ಟಿ ರಟ್ಟಿನಿಂದ ಹನಿಗಳನ್ನು ಒಂದುಗೂಡಿಸಿ, ಸಣ್ಣವನ್ನು ಅಂಟುಪಟ್ಟಿಯಿಂದ ಎತ್ತಿ, ಬಿರುಕುಗಳಿಗೆ ಗಂಧಕದ ಪುಡಿ ಹಾಕಿ. ಕೂಡಿಸಿದ್ದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ನೀರಿನಡಿ ಇಡಿ. ಸಿಂಕಿಗೆ, ಮಣ್ಣಿಗೆ ಹಾಕಬಾರದು. ಒಪ್ಪಿಸುವ ಬಗೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಪಾದರಸದ ಉಪಕರಣಗಳಿಗೆ ವಿದಾಯ ಹೇಳುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಹೊಸದಾಗಿ ಪಾದರಸದ್ದನ್ನು ಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಬಿಸಿಲಿನ ಹೊತ್ತು ಅಳೆಯುವ ಗಾಜಿನ ಗೋಳವನ್ನು ಉಳಿಸಿಕೊಳ್ಳಬೇಕೇ?
— ವಿದ್ಯಾರ್ಥಿನಿ, ಉಡುಪಿ

ದಾಖಲೆಗಾಗಿ ಹೊಸ ಸೌರ ವಿಕಿರಣ ಮಾಪಕವೇ ಒಳ್ಳೆಯದು. ಗೋಳ ಬಿಸಿಲನ್ನು ಒಂದೆಡೆ ಸೇರಿಸಿ ಅಡಿಯ ಕಾಗದದ ಪಟ್ಟಿಯನ್ನು ಸುಟ್ಟು ಗುರುತು ಮಾಡುತ್ತದೆ. ಮಳೆಗಾಲದಲ್ಲಿ ಪಟ್ಟಿ ಒದ್ದೆಯಾಗಿ, ಬಿಸಿಲು ಬಂದರೂ ಸುಡುವುದಿಲ್ಲ. ಎರಡು ವರ್ಷ ಜೊತೆಯಲ್ಲಿ ನಡೆಸಿ, ಆಮೇಲೆ ತೆಗೆದು ಪಾಠಕ್ಕೆ ಇಟ್ಟುಕೊಳ್ಳಿ. ಕಪಾಟಿಗೆ ಇಡುವಾಗ ದಪ್ಪ ಬಟ್ಟೆ ಸುತ್ತಿ ಇಡಿ. ಕಿಟಕಿ ಪಕ್ಕ ಬರಿದೇ ಬಿಟ್ಟರೆ ಅದು ಬಿಸಿಲು ಸಿಕ್ಕ ಕಡೆ ಮೇಜನ್ನೂ ಸುಡುತ್ತದೆ.